ಜಾಲಬಾಂಧವ್ಯವೂ ಗೃಹಸ್ಥನ ನಿತ್ಯಜೀವನವೂ



ಬಂಧುಬಳಗ, ನೆರೆಹೊರೆ, ಗುರುಹಿರಿಯರೊಡನೆ ಕೂಡಿ ಬಾಳುವುದರಲ್ಲಿಯೇ ಮನುಷ್ಯನ ಶ್ರೇಯಸ್ಸಿರುವುದು. ಹಿಂದೆ ದೂರದೇಶದಲ್ಲಿದ್ದ ಮಗನ ಕ್ಷೇಮಸಮಾಚಾರಕ್ಕಾಗಿ ತಾಯಿಯು ಅಂಚೆಯವನ ದಾರಿಯನ್ನು ವಾರಗಟ್ಟಲೆ ಕಾಯಬೇಕಾಗಿದ್ದಿತು. ಇಂದಿನ ತಾಯಿಯಾದರೋ ಅಮೇರಿಕೆಯಲ್ಲಿರುವ ಮೊಮ್ಮಗನ ಮುಖವನ್ನು ಅಂಗೈಯಲ್ಲಿಯೇ ಕಂಡು ಆನಂದಪಡುವಳು. 2004ರಲ್ಲಿ ಫೇಸ್‌ಬುಕ್, 2009ರಲ್ಲಿ ವಾಟ್ಸಾಪ್, 2010ರಲ್ಲಿ ಇನ್‌ಸ್ಟಾಗ್ರಾಂ ಹುಟ್ಟಿದವು. 2016ರ ತರುವಾಯ ಭಾರತದಲ್ಲಿ ಇಂಟರ್‌ನೆಟ್ಟಿನ ದರವು ಬಹಳವಾಗಿ ಇಳಿದುದರಿಂದ ಹೊಲದ ಬದುವಿನಲ್ಲಿ ನಿಂತವನಿಗೂ ಈ ಸೌಕರ್ಯವು ದೊರೆಯಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಇದನ್ನು ಸಾರಾಸಗಟಾಗಿ ನಿಂದಿಸುವುದು ವಿವೇಕವೂ ಅಲ್ಲ.

ಆದರೆ ಆಳಾಗಿ ಬಂದುದು ಇಂದು ಅನೇಕರ ಮನೆಗಳಲ್ಲಿ ಅರಸಾಗಿ ಕುಳಿತಿರುವುದು. ಗೃಹಸ್ಥನು ಬೆಳಗಿನಲ್ಲಿ ಎದ್ದು ಮುಖವನ್ನು ತೊಳೆಯುವುದಕ್ಕೆ ಮೊದಲೇ ಮೊಬೈಲನ್ನು ಹಿಡಿಯುವನು. ಸಂಬಂಧಿಕರ ಗುಂಪು, ಓಣಿಯವರ ಗುಂಪು, ಸಹಪಾಠಿಗಳ ಗುಂಪು, ಕಚೇರಿಯ ಗುಂಪು, ಜಾತ್ರಾ ಸಮಿತಿಯ ಗುಂಪು, ಹೀಗೆ ಹತ್ತಾರು ಬಾಗಿಲುಗಳಿಂದ ಏಕಕಾಲದಲ್ಲಿ ಕರೆ ಬರುವುದು. ಶುಭೋದಯಕ್ಕೆ ಮರುಶುಭೋದಯ ಹೇಳದಿದ್ದರೆ ಒಬ್ಬರಿಗೆ ಅಸಮಾಧಾನ. ಮೊಮ್ಮಗುವಿನ ಚಿತ್ರಕ್ಕೆ ಮೆಚ್ಚುಗೆ ಒತ್ತದಿದ್ದರೆ ಇನ್ನೊಬ್ಬರಿಗೆ ಮುನಿಸು. “ನೋಡಿಯೂ ಉತ್ತರ ಕೊಡಲಿಲ್ಲ” ಎಂಬ ದೂರು ಬೀಗರ ನಡುವೆಯೂ ಕೇಳಿಬರುತ್ತಲಿರುವುದು.

ಈ ಒತ್ತಾಯವು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸತಕ್ಕದ್ದು. ಕಾಗದವನ್ನು ಓದಿದವನು ಎಂದು ಓದಿದನೆಂಬುದು ಬರೆದವನಿಗೆ ತಿಳಿಯುತ್ತಿರಲಿಲ್ಲ. 2014ರಲ್ಲಿ ವಾಟ್ಸಾಪಿನಲ್ಲಿ ನೀಲಿ ಗುರುತು ಬಂದಂದಿನಿಂದ ಓದಿದುದೇ ಒಂದು ಸಾಲವಾಯಿತು. ಪುಸ್ತಕಕ್ಕೆ ಕೊನೆಯ ಪುಟವುಂಟು, ಕಾಗದಕ್ಕೆ ಸಹಿಯುಂಟು. ಜಾಲದ ಪುಟವಾದರೋ ಎಳೆದಷ್ಟೂ ಬೆಳೆಯುವುದು. ಈ ಕೊನೆಯಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ನನೆಂಬುವನೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವ್ಯಥೆಪಟ್ಟನು. ಇಂತಹ ಅನೇಕ ಸಂಸ್ಥೆಗಳ ಆದಾಯವು ಜಾಹೀರಾತಿನಿಂದ ಬರುವುದು. ನೋಡುವವನ ಕಣ್ಣು ಹೆಚ್ಚು ಹೊತ್ತು ನಿಂತಷ್ಟೂ ಅವುಗಳಿಗೆ ಲಾಭ. ಸುದ್ದಿಯ ಸಮೃದ್ಧಿಯು ಅವಧಾನದ ದಾರಿದ್ರ್ಯವನ್ನು ತರುವುದೆಂಬ ಅಭಿಪ್ರಾಯವನ್ನು ಹರ್ಬರ್ಟ್ ಸೈಮನ್ ಎಂಬ ಪಂಡಿತನು 1971ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಆದಕಾರಣ ಬಂದ ಕರೆಗಳೆಲ್ಲವೂ ಬಂಧುಗಳ ಕರೆಗಳಲ್ಲ. ಅವುಗಳಲ್ಲಿ ಎಷ್ಟೋ ಯಂತ್ರದ ಕರೆಗಳು.

ಅವಸರದ ಫಲವು ಎಷ್ಟು ದಾರುಣವಾಗಬಹುದೆಂಬುದಕ್ಕೆ ಬಸವಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ ನಿದರ್ಶನವುಂಟು. 2018ನೆಯ ಇಸವಿಯ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಕೆಲವು ತರುಣರು ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟನ್ನು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನ ಮೂಲಕ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ಜನರು ದಾರಿಯನ್ನು ಅಡ್ಡಗಟ್ಟಿ ಹೊಡೆದುದರಿಂದ ಒಬ್ಬ ತರುಣ ಇಂಜಿನಿಯರನು ಪ್ರಾಣವನ್ನು ನೀಗಿದನು. ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಹಲವರು ತಾವು ಮಕ್ಕಳನ್ನು ಕಾಪಾಡುತ್ತಿರುವೆವೆಂದೇ ಭಾವಿಸಿರಬಹುದು. ಕ್ಷಣಕಾಲ ತಡೆದು ವಿಚಾರಿಸಿದ್ದರೆ ಒಂದು ಜೀವವು ಉಳಿಯುತ್ತಿದ್ದಿತು. ದೇಶದಲ್ಲಿ ಇಂತಹ ದುರಂತಗಳು ಹೆಚ್ಚಿದುದರಿಂದ ಅದೇ ತಿಂಗಳಿನಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಾಗಿ ರವಾನಿಸದಂತೆ ಮಿತಿಯನ್ನು ಗೊತ್ತುಮಾಡಿತು. ಆದರೆ ಯಂತ್ರವು ಎಣಿಕೆಗೆ ಮಿತಿಯನ್ನು ಹಾಕಬಲ್ಲದು. ಸತ್ಯಾಸತ್ಯದ ವಿವೇಚನೆಯು ಮನುಷ್ಯನದೇ.

ಹಾಗಾದರೆ ಗೃಹಸ್ಥನು ಆಚರಿಸತಕ್ಕ ಕ್ರಮವೇನು? ಮೊದಲನೆಯದು, ಕಾಲನಿಯಮ. ಕಾಯಕಕ್ಕೂ ಪೂಜೆಗೂ ಹೊತ್ತಿರುವಂತೆ ಸಂದೇಶಗಳನ್ನು ನೋಡುವುದಕ್ಕೂ ದಿನದಲ್ಲಿ ಎರಡು ಮೂರು ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಬೇಕು. ಎರಡನೆಯದು, ಆ ನಿಯಮವನ್ನು ಆಪ್ತರಿಗೆ ತಿಳಿಸಬೇಕು. “ಅವಸರವಿದ್ದರೆ ಫೋನ್ ಮಾಡಿರಿ, ಉಳಿದುದನ್ನು ಸಂಜೆ ನೋಡುವೆನು” ಎಂದು ಮುಂಚಿತವಾಗಿ ಹೇಳಿದವನ ಮೇಲೆ ಯಾರೂ ಮುನಿಯರು. ಮೂರನೆಯದು, ಗುಂಪುಗಳ ಸದ್ದನ್ನು ಅಡಗಿಸುವುದು. ನೀಲಿ ಗುರುತನ್ನು ಸಹ ನಿಲ್ಲಿಸಿಕೊಳ್ಳಬಹುದು. 2022ರಿಂದ ನಿರ್ವಾಹಕರ ಹೊರತು ಇತರರಿಗೆ ತಿಳಿಯದಂತೆ ಗುಂಪಿನಿಂದ ಹೊರಬರುವ ಅನುಕೂಲವೂ ಉಂಟು. ನಾಲ್ಕನೆಯದು, ತಾನು ಕಂಡರಿಯದ ಸುದ್ದಿಯನ್ನು ಎಂದಿಗೂ ಮುಂದಕ್ಕೆ ಕಳುಹಿಸದಿರುವುದು.

ಐದನೆಯದು ಎಲ್ಲಕ್ಕೂ ಮುಖ್ಯವಾದುದು. ಊಟದ ಪಂಕ್ತಿಯಲ್ಲಿ, ಇಷ್ಟಲಿಂಗಪೂಜೆಯ ಸಮಯದಲ್ಲಿ, ರೋಗಿಯ ಹಾಸಿಗೆಯ ಬಳಿಯಲ್ಲಿ ಮೊಬೈಲನ್ನು ದೂರವಿಡಬೇಕು. ದೂರದ ನೂರು ಮಂದಿಗೆ ಶುಭವನ್ನು ಕೋರುತ್ತ, ಪಕ್ಕದಲ್ಲಿ ಕೆಮ್ಮುತ್ತಿರುವ ತಂದೆಯ ಮಾತಿಗೆ “ಹೂಂ” ಎನ್ನುವವನು ಯಾವ ಬಾಂಧವ್ಯವನ್ನು ಉಳಿಸಿದಂತಾಯಿತು? ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ಎದುರಿಗೆ ಕುಳಿತವನ ಮಾತಿಗೆ ಪೂರ್ಣವಾಗಿ ಕಿವಿಗೊಡುವುದೂ ದಾಸೋಹವೇ. ಅವಧಾನವೆಂಬುದು ಮನುಷ್ಯನು ಕೊಡಬಹುದಾದ ದಾನಗಳಲ್ಲಿ ಹಿರಿದಾದುದು. ಅದನ್ನು ಪಾತ್ರವರಿತು ಕೊಡಬೇಕು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಆಸ್ಟ್ರೇಲಿಯಾ ದೇಶದಲ್ಲಿ 16 ವರ್ಷದೊಳಗಿನವರು ಇಂತಹ ಹಲವು ಜಾಲತಾಣಗಳಲ್ಲಿ ಖಾತೆಯನ್ನು ಹೊಂದದಂತೆ ಮಾಡುವ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ಕಾನೂನು ಏನೇ ಇರಲಿ, ಮಗುವು ಹಿರಿಯರು ಹೇಳಿದುದಕ್ಕಿಂತ ಮಾಡಿದುದನ್ನೇ ಕಲಿಯುವುದು. ರಾತ್ರಿ ಮೊಬೈಲನ್ನು ಮೊದಲು ಕೆಳಗಿಡತಕ್ಕವರು ತಾಯಿತಂದೆಗಳು.

ಸಂಗವು ಬೇಕು, ಆದರೆ ಸಂಗಕ್ಕೆ ಸಿಕ್ಕಿಬೀಳಬಾರದು. ಈ ವಿವೇಕವು ಭಕ್ತರ ಮನೆಮನೆಗಳಲ್ಲಿಯೂ ನೆಲಸಿ ಸರ್ವರಿಗೂ ಸನ್ಮಂಗಳವುಂಟಾಗಲಿ.