ರಾಶಿಯೊಳಗೆ ಕೈಹಾಕಿ ನೋಡೋಣ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು, ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಈದ್ ಹತ್ತಿರ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಬಟ್ಟೆಯದು. ಇಲ್ಲೇ ಹೊಲಿಸುವುದೋ, ಮೈಸೂರಿಗೆ ಹೋಗಿ ತರುವುದೋ? ನಾವು ಅಂಗಡಿಗೆ ಹೋಗುವ ಮೊದಲೇ ಬಟ್ಟೆಯ ಚಿತ್ರಗಳು ನಮ್ಮ ಬಳಿ ಬಂದಿರುತ್ತವೆ. ಹೆದ್ದಾರಿಯ ಫಲಕದಲ್ಲಿ, ಪತ್ರಿಕೆಯ ಮುಖಪುಟದಲ್ಲಿ, ಮಕ್ಕಳ ಕೈಯ ಮೊಬೈಲಿನಲ್ಲಿ ಅವೇ. ಆ ಚಿತ್ರಗಳು ನಮ್ಮನ್ನು ಹೇಗೆ ಒಪ್ಪಿಸುತ್ತವೆ ಎಂಬುದನ್ನು ಇಂದು ಯೋಚಿಸೋಣ.

ಚೆನ್ನಾಗಿ ಉಡುವುದು ತಪ್ಪಲ್ಲ. ಉಡುಪು ಮಾನ ಮುಚ್ಚಲಿಕ್ಕೂ ಅಲಂಕಾರಕ್ಕೂ ಅಲ್ಲಾಹನು ಕೊಟ್ಟ ಅನುಗ್ರಹವೆಂದೂ, ತಕ್ವಾದ ಉಡುಪು ಎಲ್ಲಕ್ಕಿಂತ ಮೇಲೆಂದೂ ಅಲ್ ಅಅ್‌ರಾಫ್ ಅಧ್ಯಾಯ ಕಲಿಸುತ್ತದೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವವರ ಬಗ್ಗೆ ಒಬ್ಬರು ವಿಚಾರಿಸಿದಾಗ ಪ್ರವಾದಿ(ಸ)ರು, ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನೆಂದು ತಿಳಿಸಿದರು. ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದೂ ವಿವರಿಸಿದರು. ಈ ಎರಡನೆಯ ಮಾತನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಚಿತ್ರದ ಶಕ್ತಿ ಎಂಥದು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಟಿಪ್ಪು ಸುಲ್ತಾನ್ ಶಹೀದ್(ರ)ರ ಕಾಲದ ದರಿಯಾ ದೌಲತ್ ನಮ್ಮ ಪಟ್ಟಣದಲ್ಲೇ ಇದೆ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಸಾಲುಸಾಲಾಗಿ ಮುನ್ನುಗ್ಗುವ ಮೈಸೂರಿನ ಸೇನೆ, ನಡುವೆ ಸಿಕ್ಕಿಬಿದ್ದ ಕೆಂಪು ಕೋಟಿನ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಸಿಡಿಯುತ್ತಿರುವ ಇಂಗ್ಲಿಷರ ಮದ್ದಿನ ಗಾಡಿ. ಅಕ್ಷರ ಬಾರದವರಿಗೂ ಗೆದ್ದವರು ಯಾರೆಂದು ಗೊತ್ತಾಗುತ್ತದೆ. ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆಯಲ್ಲೇ ಚಿತ್ರಕಾರ ಎಲ್ಲವನ್ನೂ ಹೇಳಿ ಮುಗಿಸಿದ್ದಾನೆ. ಅದು ನಡೆದ ಸಂಗತಿಯೇ. ಆದರೂ ಚಿತ್ರ ತೋರಿಸುವುದು ತಾನು ಆರಿಸಿಕೊಂಡ ಗಳಿಗೆಯನ್ನು ಮಾತ್ರ. 1799ರ ಮೇ 4 ಆ ಗೋಡೆಯ ಮೇಲಿಲ್ಲ.

ಬಟ್ಟೆಯ ಜಾಹೀರಾತೂ ಹೀಗೆಯೇ ಒಂದು ಗಳಿಗೆಯನ್ನು ಆರಿಸಿಕೊಳ್ಳುತ್ತದೆ. ಮದುವೆಯ ಶೇರ್ವಾನಿಯ ಫಲಕ ನೋಡಿ. ಹಿಂದೆ ಅರಮನೆ, ಸುತ್ತ ನಗುವ ಬಂಧುಗಳು, ನಡುವೆ ವರ. ನೂಲು ಎಂಥದು, ಹೊಲಿಗೆ ಗಟ್ಟಿಯೇ, ಬಣ್ಣ ಬಿಡುತ್ತದೆಯೇ ಎಂಬ ಮಾತೇ ಇಲ್ಲ. ಬಟ್ಟೆಯ ಪಕ್ಕದಲ್ಲಿ ಗೌರವವನ್ನು ನಿಲ್ಲಿಸಿದ್ದಾರೆ. ಇದನ್ನು ಕೊಂಡರೆ ಅದೂ ಸಿಗುತ್ತದೆ ಎಂದು ನಮ್ಮ ಮನಸ್ಸೇ ಗಂಟು ಹಾಕಿಕೊಳ್ಳುತ್ತದೆ. ಕ್ಯಾಮೆರಾವನ್ನು ಕೆಳಗಿಟ್ಟು ತೆಗೆದರೆ ನಾವು ತಲೆಯೆತ್ತಿ ನೋಡುವಂತಾಗುತ್ತದೆ. ಅಂಗಿ ಮೈಗೆ ಸರಿಯಾಗಿ ಕೂರಲೆಂದು ಬೆನ್ನ ಹಿಂದೆ ಪಿನ್ನು ಹಾಕಿರುತ್ತಾರೆ. ಮುಖದ ಕಲೆ, ಸೊಂಟದ ಸುತ್ತಳತೆಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಹಬ್ಬದ ದಿನಗಳಲ್ಲಿ ಅದೇ ಚಿತ್ರಕ್ಕೆ ಚಂದ್ರ, ಮಿನಾರ ಸೇರಿಕೊಳ್ಳುತ್ತವೆ. ನಮ್ಮ ಭಕ್ತಿಯನ್ನೂ ಮಾರಾಟಕ್ಕೆ ಬಳಸಿಕೊಳ್ಳುವ ಬಗೆಯಿದು.

ಇನ್ನೂ ನೋವಿನ ಸಂಗತಿಯೊಂದಿದೆ. 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ತನ್ನ ಹೆಸರಿನಿಂದ ಫೇರ್ ಎಂಬ ಪದವನ್ನು ಬಿಟ್ಟದ್ದು 2020ರಲ್ಲಿ. ಕಪ್ಪಗಿರುವವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಸೂಚಿಸಿತ್ತು. ಒಂದೇ ಮುಖವನ್ನು ಮೊದಲು ಕಪ್ಪಾಗಿ, ಬಾಡಿದಂತೆ, ನಂತರ ಬೆಳ್ಳಗೆ, ನಗುತ್ತಿರುವಂತೆ ತೋರಿಸುವ ಚಿತ್ರಗಳನ್ನು ಎರಡು ತಲೆಮಾರು ನೋಡಿದೆ. ಅದನ್ನು ನೋಡಿ ಕಲಿತ ನಾಲಿಗೆಯೇ ಇಂದು ಹೆಣ್ಣು ನೋಡಲು ಹೋದಾಗ ಹುಡುಗಿಯ ಬಣ್ಣದ ಮಾತೆತ್ತುತ್ತದೆ. ಜನರನ್ನು ಕೀಳಾಗಿ ಕಾಣುವುದು ಎಂದು ಪ್ರವಾದಿ(ಸ)ರು ಹೇಳಿದ್ದು ಇಂಥದ್ದನ್ನೇ ಅಲ್ಲವೇ? ಅಲ್ಲಾಹನು ನಮ್ಮ ರೂಪವನ್ನೂ ಸಂಪತ್ತನ್ನೂ ನೋಡುವುದಿಲ್ಲ, ಹೃದಯವನ್ನೂ ಕರ್ಮವನ್ನೂ ನೋಡುತ್ತಾನೆ ಎಂದು ತಿಳಿದ ನಾವು, ಅಲ್ಲಾಹನೇ ಕೊಟ್ಟ ಬಣ್ಣಕ್ಕೆ ಹೆಸರಿಡುವುದು ಹೇಗೆ?

ಸಹೋದರರೇ, ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಿ ಇನ್ನೊಬ್ಬರಲ್ಲಿ ಆಸೆ ಹುಟ್ಟಿಸುವುದನ್ನೂ ಅವರು ನಿಷೇಧಿಸಿದರು. ಹಣ ಪಡೆದು ಮೊಬೈಲಿನಲ್ಲಿ ಬಟ್ಟೆ ಹೊಗಳುವವರು ಈ ಮಾತನ್ನು ಯೋಚಿಸಲಿ.

ಜಾಹೀರಾತಿನ ರಾಶಿಯೊಳಗೆ ಒದ್ದೆಯಾಗಿರುವುದು ಹೆಚ್ಚಾಗಿ ಸಾಲ. ಫಲಕದಲ್ಲಿ ಉಡುವ ದಿನವಿದೆ, ಕಂತು ಕಟ್ಟುವ ದಿನವಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಹೊರೆಯಿಂದ ಪ್ರವಾದಿ(ಸ)ರು ನಮಾಝಿನಲ್ಲಿ ಅಲ್ಲಾಹನ ರಕ್ಷೆ ಬೇಡುತ್ತಿದ್ದರು. ಒಂದು ದಿನದ ಉಡುಪಿಗಾಗಿ ನಮ್ಮ ತಾಯಂದಿರು ವರ್ಷವಿಡೀ ವಾರದ ಕಂತಿಗೆ ಹೆದರಿ ಬದುಕುವಂತಾಗಬಾರದು.

ಹಾಗಾದರೆ ಏನು ಮಾಡೋಣ? ಅಂಗಡಿಗೆ ಹೊರಡುವ ಮೊದಲೇ ಮನೆಯವರೆಲ್ಲ ಕೂತು ಖರ್ಚಿನ ಮಿತಿ ಹಾಕಿಕೊಳ್ಳೋಣ. ಜಾಹೀರಾತು ಕಂಡಾಗ, ಇದರಲ್ಲಿ ಬಟ್ಟೆಯ ಬಗ್ಗೆ ಏನು ಹೇಳಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಮಕ್ಕಳನ್ನೇ ಕೇಳೋಣ. ಅವರು ನಮಗಿಂತ ಚೆನ್ನಾಗಿ ಕಂಡುಹಿಡಿಯುತ್ತಾರೆ. ಹೆಣ್ಣುಮಕ್ಕಳ ಬಣ್ಣದ ಮಾತು ನಮ್ಮ ಮನೆಯಲ್ಲಿ ಇಂದಿಗೇ ನಿಲ್ಲಲಿ. ಬಟ್ಟೆ ವ್ಯಾಪಾರದಲ್ಲಿರುವ ಸಹೋದರರು ಸುಳ್ಳು ರಿಯಾಯಿತಿಯ ಫಲಕ ಹಾಕದಿರಲಿ. ದಾರಿ ತಪ್ಪಿಸುವ ಜಾಹೀರಾತು ಕಾನೂನಿನಲ್ಲೂ ಅಪರಾಧ. ಮೋಸಹೋದವರು 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಉಳಿದ ಹಣದಲ್ಲಿ ನೆರೆಮನೆಯ ಅನಾಥ ಮಗುವಿಗೊಂದು ಜೊತೆ ಬಟ್ಟೆ ಕೊಡಿಸೋಣ, ಅದನ್ನು ಫೋಟೋ ತೆಗೆಯದೆ ಕೊಡೋಣ.

ಅಲ್ಲಾಹನು ನಮ್ಮ ಕಣ್ಣಿಗೆ ವಿವೇಕವನ್ನೂ, ಮನಸ್ಸಿಗೆ ತೃಪ್ತಿಯನ್ನೂ, ಮನೆಗಳಿಗೆ ಸಾಲವಿಲ್ಲದ ಹಬ್ಬವನ್ನೂ ಕರುಣಿಸಲಿ. ತಕ್ವಾದ ಉಡುಪನ್ನು ನಮಗೂ ನಮ್ಮ ಮಕ್ಕಳಿಗೂ ತೊಡಿಸಲಿ. ಆಮೀನ್.