ಒಂದು ಪುಣ್ಯನಗರ, ಮೂರು ಬಗೆಯ ಜಯ



ಧರ್ಮದ ಹೆಸರಿನಲ್ಲಿ ಮಾನವನು ಗೈದ ಸತ್ಕಾರ್ಯಗಳನ್ನು ಇಂತಹ ಉತ್ಸವಗಳಲ್ಲಿ ಸ್ಮರಿಸುವುದು ವಾಡಿಕೆ. ಅದೇ ಹೆಸರಿನಲ್ಲಿ ಅವನು ಹರಿಸಿದ ನೆತ್ತರನ್ನೂ ಒಮ್ಮೆ ನೆನೆಯುವುದು ಆತ್ಮಪರೀಕ್ಷೆಗೆ ಸಾಧನವಾದೀತೆಂದು ಬಗೆದು, ಜೆರೂಸಲೇಮ್ ನಗರಕ್ಕಾಗಿ ಕ್ರೈಸ್ತರಿಗೂ ಮುಸಲ್ಮಾನರಿಗೂ ನಡೆದ ಶಿಲುಬೆಯ ಯುದ್ಧಗಳನ್ನು ಕುರಿತು ನಾಲ್ಕು ಮಾತು ಅರಿಕೆಮಾಡಲು ಅಪ್ಪಣೆ ಬೇಡುತ್ತೇನೆ.

ಆ ನಗರವು ಮೂರು ಮತದವರಿಗೆ ಪವಿತ್ರವಾದುದು. ಯೆಹೂದ್ಯರ ಪುರಾತನ ದೇವಾಲಯವಿದ್ದುದು ಅಲ್ಲಿಯೆ; ಯೇಸುಕ್ರಿಸ್ತನ ಸಮಾಧಿಯೆಂದು ಕ್ರೈಸ್ತರು ಪೂಜಿಸುವ ಸ್ಥಾನವಿರುವುದು ಅಲ್ಲಿಯೆ; ಪೈಗಂಬರರು ಸ್ವರ್ಗಯಾತ್ರೆಗೈದರೆಂದು ಮುಸಲ್ಮಾನರು ನಂಬುವ ಶಿಲೆಯಿರುವುದೂ ಅಲ್ಲಿಯೆ.

೧೦೯೫ರ ನವೆಂಬರಿನಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಪಟ್ಟಣದಲ್ಲಿ ಪೋಪ್ ೨ನೆಯ ಅರ್ಬನನು, ಪೂರ್ವದೇಶದ ಕ್ರೈಸ್ತರಿಗೆ ನೆರವಾಗಿ ಆ ನಗರವನ್ನು ಬಿಡಿಸಿರೆಂದು ಕರೆಯಿತ್ತನು. ಆ ದಂಡಯಾತ್ರೆಯೇ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಸಾರಿದನು. ಹಸಿವು, ರೋಗ, ಯುದ್ಧಗಳಿಂದ ದಾರಿಯಲ್ಲಿ ಅಸಂಖ್ಯಾತರು ಮಡಿದರು. ಉಳಿದವರು ೧೦೯೯ರ ಜುಲೈ ೧೫ರಂದು ಕೋಟೆಯನ್ನು ಏರಿದರು. ಒಳಗಿದ್ದ ಮುಸಲ್ಮಾನರೂ ಯೆಹೂದ್ಯರೂ ಸಾವಿರಗಟ್ಟಲೆ ಹತರಾದರು. ಬಳಿಕ ವಿಜಯಿಗಳು ಆನಂದಾಶ್ರುಗಳನ್ನು ಸುರಿಸುತ್ತ ಕ್ರಿಸ್ತನ ಸಮಾಧಿಗೆ ತೆರಳಿ ಪ್ರಾರ್ಥಿಸಿದರೆಂದು ಆ ಪಕ್ಷದ ಚರಿತ್ರಕಾರರೇ ಬರೆದಿರುವರು. ಕೊಲೆಗೈದ ಕೈಯನ್ನೇ ಜೋಡಿಸಿದಾಗಲೂ ಅವರ ಮನಸ್ಸು ಅಳುಕಲಿಲ್ಲವೆಂಬುದು ನಾವು ಚಿಂತಿಸತಕ್ಕ ವಿಷಯ.

ಎಂಬತ್ತೆಂಟು ವರ್ಷಗಳ ಮೇಲೆ, ೧೧೮೭ರ ಅಕ್ಟೋಬರ್ ೨ರಂದು, ಸುಲ್ತಾನ ಸಲಾದಿನನು ನಗರವನ್ನು ಪಡೆದನು. ಬಲದಿಂದಲೇ ಗೆಲ್ಲುವೆನೆಂದು ಮೊದಲು ಹಟತೊಟ್ಟಿದ್ದವನು, ಕೋಟೆಯನ್ನು ಕಾಯುತ್ತಿದ್ದ ಬೇಲಿಯನನೊಡನೆ ಒಪ್ಪಂದಕ್ಕೆ ಬಂದನು. ಗಂಡಸಿಗೆ ೧೦ ದೀನಾರ, ಹೆಂಗಸಿಗೆ ೫ ದೀನಾರ ತೆತ್ತವರು ಬದುಕಿ ಹೊರನಡೆದರು. ಈ ಜಯವೂ ನಿಷ್ಕಳಂಕವಲ್ಲ. ಹಣವಿಲ್ಲದ ಸಾವಿರಾರು ಬಡವರು ದಾಸ್ಯಕ್ಕೆ ಸಂದರು. ಆದರೂ ಸಾಮೂಹಿಕ ವಧೆ ನಡೆಯಲಿಲ್ಲ, ಕ್ರಿಸ್ತನ ಸಮಾಧಿಯ ದೇವಾಲಯವೂ ಉಳಿಯಿತು.

ಮೂರನೆಯ ಜಯವು ಇವೆರಡಕ್ಕಿಂತಲೂ ವಿಚಿತ್ರವಾದುದು. ೧೨೨೯ರ ಫೆಬ್ರವರಿಯಲ್ಲಿ ಚಕ್ರವರ್ತಿ ೨ನೆಯ ಫ್ರೆಡರಿಕನೂ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲನೂ ಸಂಧಿಗೈದರು. ಇಬ್ಬರಿಗೂ ಸ್ವಪ್ರಯೋಜನವಿದ್ದಿತು, ಇಬ್ಬರೂ ಸಂತರಲ್ಲ. ನಗರವು ಕ್ರೈಸ್ತರಿಗೆ ಬಂದಿತು. ಮುಸಲ್ಮಾನರ ಪವಿತ್ರ ಪ್ರಾಕಾರವು ಅವರಲ್ಲಿಯೇ ಉಳಿಯಿತು. ಹತ್ತು ವರ್ಷಗಳ ಶಾಂತಿಯೂ ಗೊತ್ತಾಯಿತು. ನಗರಕ್ಕಾಗಿ ಒಂದು ಹನಿ ರಕ್ತವೂ ಬೀಳಲಿಲ್ಲ. ಇದಕ್ಕೆ ಸಂದ ಗೌರವವೇನು? ಚಕ್ರವರ್ತಿಯು ಆಗಲೇ ಪೋಪನಿಂದ ಬಹಿಷ್ಕೃತನಾಗಿದ್ದನು. ಜೆರೂಸಲೇಮಿನ ಕ್ರೈಸ್ತ ಧರ್ಮಾಧ್ಯಕ್ಷನು ಈ ಸಂಧಿಯನ್ನು ಜರೆದನು. ಅತ್ತ ದಮಾಸ್ಕಸಿನ ಮಸೀದಿಯಲ್ಲಿ ಸುಲ್ತಾನನು ಮಾಡಿದ ಕಾರ್ಯಕ್ಕಾಗಿ ಜನರು ಗೋಳಿಟ್ಟರು. ಕೊಲೆಯ ಜಯಕ್ಕೆ ಹರ್ಷಾಶ್ರು, ಸಂಧಿಯ ಜಯಕ್ಕೆ ಶಾಪ!

ಆ ಶಾಂತಿಯು ಬಾಳಲಿಲ್ಲ. ೧೨೪೪ರಲ್ಲಿ ಖ್ವಾರಿಜ್ಮಿ ಸೈನಿಕರು ನಗರವನ್ನು ಸೂರೆಗೈದರು. ೧೨೯೧ರಲ್ಲಿ ಆಕ್ರೆ ಕೋಟೆಯೂ ಬಿದ್ದು, ಆ ನಾಡಿನಲ್ಲಿ ಶಿಲುಬೆಯ ಯೋಧರ ರಾಜ್ಯವು ಮುಗಿಯಿತು.

ಮಹಾಶಯರೆ, ನಂಬಿಕೆಯು ಕಡಮೆಯಾದುದರಿಂದ ಈ ಅನರ್ಥಗಳು ಆದುವೆಂದು ಹೇಳುವಂತಿಲ್ಲ; ನಂಬಿಕೆಯು ಬೇಕಾದಷ್ಟಿದ್ದಿತು. ತನಗೆ ಪವಿತ್ರವಾದುದು ಪರರಿಗೂ ಪವಿತ್ರವಾಗಿರಬಹುದೆಂಬ ಅರಿವು ಮಾತ್ರ ಇರಲಿಲ್ಲ. ಯಾವ ಸಮಾಧಿಗಾಗಿ ಅಷ್ಟು ಜನರು ಮಡಿದರೊ, ಆ ದೇವಾಲಯದ ಬಾಗಿಲ ಬೀಗದ ಕೈಯನ್ನು ಇಂದಿಗೂ ಮುಸಲ್ಮಾನ ಮನೆತನದವರು ಕಾಪಾಡುತ್ತಿರುವರು. ಕತ್ತಿಯಿಂದ ಉಳಿಯದುದು ನೆರೆಯವರ ನಂಬುಗೆಯಿಂದ ಉಳಿದಿದೆ. ಇದನ್ನು ಮನಸ್ಸಿನಲ್ಲಿಟ್ಟು ನಾವು ಈ ಸಭೆಯಿಂದ ಏಳುವೆವಾದರೆ ನನ್ನ ಮಾತು ಸಾರ್ಥಕವೆಂದು ವಿಜ್ಞಾಪಿಸುತ್ತೇನೆ.