ಕಪ್ಪು ಪರದೆಗೆ ಅಂಜಬೇಡಿ
(ವಿದ್ಯಾರ್ಥಿವೇತನ ವಿತರಣೆಯ ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಒಂದು ಕಾಲಕ್ಕೆ ನಾನೂ ಇಲ್ಲಿ ಅಮ್ಮಿಯ ಪಕ್ಕದಲ್ಲಿ ಕುಳಿತು, ನನ್ನ ಹೆಸರು ಯಾವಾಗ ಕರೆಯುತ್ತಾರೋ ಎಂದು ಕಾದವನು. ನಮ್ಮ ಮನೆ ಕಮಲಾಪುರದಲ್ಲಿ. ಅಬ್ಬಾ ದಿನಾ ಬಸ್ಸು ಹಿಡಿದು ಕಲಬುರಗಿಯ ದಾಲ್ ಮಿಲ್ಲಿಗೆ ಹಮಾಲಿ ಕೆಲಸಕ್ಕೆ ಬರುತ್ತಿದ್ದರು. ಈ ಟ್ರಸ್ಟಿನ ನೆರವಿನಿಂದ ಡಿಪ್ಲೊಮಾ ಮುಗಿಸಿದೆ. ಈಗ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅದೇನು ಕೆಲಸ, ಕಲಿಯಲು ಎಷ್ಟು ರೊಕ್ಕ ಬೇಕು ಎಂದು ಬಹಳ ಜನ ಕೇಳುತ್ತಾರೆ. ಅದಕ್ಕೇ ಈ ನಾಲ್ಕು ಮಾತು.

ಸರ್ವರ್ ಎಂದರೆ ಹಗಲು ರಾತ್ರಿ ನಡೆಯುವ ಕಂಪ್ಯೂಟರ್. ಸಾಮಾನ್ಯವಾಗಿ ಅದಕ್ಕೆ ಪರದೆಯೂ ಇಲ್ಲ, ಮೌಸೂ ಇಲ್ಲ. ದೂರದಿಂದಲೇ ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಅದನ್ನು ಮಾತಾಡಿಸಬೇಕು. 'ಡಿಎಫ್' ಎಂದು ಬರೆದರೆ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹೇಳುತ್ತದೆ. 'ಟಾಪ್' ಎಂದರೆ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ನುಂಗುತ್ತಿದೆ ಎಂದು ತೋರಿಸುತ್ತದೆ. ಯಂತ್ರ ತನ್ನ ದಿನಚರಿಯನ್ನು ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಅದರ ಕೊನೆಯ ಸಾಲುಗಳನ್ನು ನೋಡಲು 'ಟೇಲ್', ಬೇಕಾದ ಪದವಿರುವ ಸಾಲುಗಳನ್ನಷ್ಟೇ ಆರಿಸಲು 'ಗ್ರೆಪ್'.

ಇವನ್ನೆಲ್ಲ ಜೋಡಿಸುವುದಕ್ಕೆ ಪೈಪ್ ಎನ್ನುತ್ತಾರೆ. ದಾಲ್ ಮಿಲ್ಲಿನಲ್ಲಿ ತೊಗರಿ ಒಂದು ಯಂತ್ರದಲ್ಲಿ ಕಲ್ಲು-ಕಸ ಕಳೆದುಕೊಂಡು, ಇನ್ನೊಂದರಲ್ಲಿ ಸಿಪ್ಪೆ ಬಿಟ್ಟು ಒಡೆದು, ಮತ್ತೊಂದರಲ್ಲಿ ಜರಡಿಯಾಗಿ ಬೇಳೆಯಾಗುತ್ತದಲ್ಲ, ಹಾಗೆಯೇ ಒಂದು ಆಜ್ಞೆಯ ಫಲ ಮುಂದಿನ ಆಜ್ಞೆಗೆ ಹೋಗುತ್ತದೆ. ಅಬ್ಬಾಗೆ ನನ್ನ ಕೆಲಸವನ್ನು ಹೀಗೆ ಹೇಳಿದ ಮೇಲೆಯೇ ಅರ್ಥವಾದದ್ದು.

ಇದು ಹೊಸ ವಿದ್ಯೆಯಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕೆಲಸ ಶುರು ಮಾಡಿದರು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದೇ ದಾರಿಯಲ್ಲಿ ಲಿನಕ್ಸ್ ಬರೆದು ಜಗತ್ತಿನ ಮುಂದಿಟ್ಟ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು.

ಇನ್ನು ನನ್ನ ತಪ್ಪಿನ ಮಾತು. ಮೊದಲ ನೌಕರಿ ಒಂದು ಸಣ್ಣ ಕಚೇರಿಯಲ್ಲಿ. ಹೇಳಿದ ಹೊತ್ತಿಗೆ ಕೆಲಸ ತಾನೇ ಮಾಡಿಸುವ 'ಕ್ರಾನ್' ಎಂಬ ಸಾಧನವಿದೆ. ರಾತ್ರಿ 2.30ಕ್ಕೆ ಲೆಕ್ಕದ ಕಡತಗಳೆಲ್ಲ ಇನ್ನೊಂದು ಡಿಸ್ಕಿಗೆ ನಕಲಾಗುವಂತೆ ಅದರಲ್ಲಿ ಹೊಂದಿಸಿದೆ. ಬೆಳಿಗ್ಗೆ 'ಮುಗಿಯಿತು' ಎಂಬ ಸಾಲು ನೋಡಿ ಹಿಗ್ಗುತ್ತಿದ್ದೆ. ಮೂರು ತಿಂಗಳ ಮೇಲೆ ಮೂಲ ಡಿಸ್ಕು ಕೆಟ್ಟಿತು. ನಕಲು ತೆರೆದರೆ ಕೊನೆಯ ನಲವತ್ತು ದಿನದ ಕಡತಗಳು ಖಾಲಿ! ಎರಡನೆಯ ಡಿಸ್ಕು ತುಂಬಿ ಹೋಗಿತ್ತು. ನಕಲು ಆಗಲಿ, ಬಿಡಲಿ, ನಾನು ಬರೆದ ಸ್ಕ್ರಿಪ್ಟು 'ಮುಗಿಯಿತು' ಎಂದೇ ಹೇಳುತ್ತಿತ್ತು. ಅಲ್ಲಿದ್ದ ಗುಮಾಸ್ತೆ ಆಪಾ ಎರಡು ವಾರ ಕುಳಿತು ರಸೀದಿಗಳಿಂದ ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

ಅಂದಿನಿಂದ ಮೂರು ನಿಯಮ ಇಟ್ಟುಕೊಂಡಿದ್ದೇನೆ. ನಕಲು ಮಾಡುವ ಮೊದಲು 'ಡಿಎಫ್' ನೋಡಿ ಜಾಗ ಖಾತ್ರಿ ಮಾಡಿಕೊಳ್ಳುವುದು. ಪ್ರತಿ ಆಜ್ಞೆ ಮುಗಿದಾಗ ಒಂದು ಸಂಖ್ಯೆ ಕೊಡುತ್ತದೆ. 0 ಬಂದರೆ ಸರಿಯಾಗಿದೆ, ಬೇರೆ ಬಂದರೆ ಎಡವಿದೆ. ಅದನ್ನು ಪರೀಕ್ಷಿಸಿ, ಎಡವಿದ್ದರೆ ನನಗೆ ಸಂದೇಶ ಬರುವಂತೆ ಮಾಡುವುದು. ತಿಂಗಳಿಗೊಮ್ಮೆ ನಕಲಿನಿಂದ ಒಂದು ಕಡತ ತೆಗೆದು ತೆರೆದು ನೋಡುವುದು. ಯಂತ್ರಕ್ಕೆ ಕೆಲಸ ಒಪ್ಪಿಸಬಹುದು, ಹೊಣೆ ಒಪ್ಪಿಸಲಾಗದು. ಬೇರೆಯವರ ಲೆಕ್ಕ ನಮ್ಮ ಕೈಯಲ್ಲಿರುವ ಅಮಾನತ್ತು.

ತಾಯಿ-ತಂದೆಯರಲ್ಲಿ ಒಂದು ವಿನಂತಿ. ಈ ವಿದ್ಯೆ ಶುರು ಮಾಡಲು ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಡಿ, ದೊಡ್ಡ ಫೀಸಿನ ಕೋರ್ಸಿಗೂ ಓಡಬೇಡಿ. ಹಳೆಯ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕಿದರೆ ಸಾಕು. ಅದೂ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿ ಮೊದಲ ಆಜ್ಞೆಗಳನ್ನು ರೂಢಿಸಿಕೊಳ್ಳಬಹುದು. ಮಕ್ಕಳೇ, ದಿನಕ್ಕೆ ಅರ್ಧ ಗಂಟೆ ಕೊಡಿ. ಕಲಿತದ್ದನ್ನು ನೋಟ್‌ಬುಕ್ಕಿನಲ್ಲಿ ನಿಮ್ಮ ಮಾತಿನಲ್ಲೇ ಬರೆದಿಡಿ. ಆದರೆ ಅಳಿಸುವ ಆಜ್ಞೆ ಕೊಡುವ ಮೊದಲು ಎರಡು ಸಲ ಓದಿ. ಅಲ್ಲಿ ಕಸದ ಬುಟ್ಟಿ ಇರುವುದಿಲ್ಲ, ಹೋದದ್ದು ಹೋಯಿತು.

ದಾನಿಗಳಲ್ಲಿ ಇನ್ನೊಂದು ಮಾತು. ನಿಮ್ಮ ಅಂಗಡಿ, ಕಚೇರಿಗಳ ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರ್ ಇದ್ದರೆ ಟ್ರಸ್ಟಿಗೆ ಕೊಡಿ. ನಾನು ಊರಿಗೆ ಬಂದಾಗಲೆಲ್ಲ ಅದನ್ನು ಸರಿಪಡಿಸಿ ಮಕ್ಕಳ ಜೊತೆ ಕುಳಿತುಕೊಳ್ಳುತ್ತೇನೆ. ನನಗೆ ಸಿಕ್ಕ ನೆರವನ್ನು ತೀರಿಸುವ ದಾರಿ ನನಗೆ ಕಾಣುವುದು ಇದೇ.